ಬಾಗಿಲ ಮೇಲಿನ ರೇಸ್ ನಂಬರು

ನಾನು ಚಿಕ್ಕವಳಿದ್ದಾಗ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟ್ ಪಕ್ಕ ನಮ್ಮಪ್ಪನ ಕಾರ್ ಪೇಂಟಿಂಗ್ ಶೆಡ್ ಇತ್ತು, ಮಕ್ಕಳೇ. ಕಾಲಿಟ್ಟರೆ ಸಾಕು, ಥಿನ್ನರ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಅಪ್ಪನ ಕೋಪವೂ ಹಾಗೇ, ದೂರದಿಂದಲೇ ಗೊತ್ತಾಗುತ್ತಿತ್ತು.

ಒಂದು ಆಯುಧಪೂಜೆಗೆ ಮುಂಚೆ ಶೆಡ್ಡಿಗೆ ಇಂಗ್ಲೆಂಡಿನಲ್ಲಿ ತಯಾರಾದ ಹಳೇ ಕಾರೊಂದು ಬಂತು. ಎರಡೇ ಸೀಟು, ತಲೆ ಮೇಲೆ ಸೂರಿಲ್ಲ, ಮೂತಿ ಮಾತ್ರ ಇಷ್ಟುದ್ದ! ಅದರ ಯಜಮಾನರು ಪ್ರಾಯದಲ್ಲಿ ಮದ್ರಾಸಿನ ಕಡೆ ಅದನ್ನು ರೇಸಿಗೆ ಓಡಿಸಿದ್ದರಂತೆ. ಬಾಗಿಲ ಮೇಲೆ ಬಿಳಿ ಚಕ್ರದೊಳಗೆ ಏಳು ಅನ್ನೋ ರೇಸ್ ನಂಬರು ಮಾಸಿಹೋಗಿತ್ತು. ಕಾರು ತಂದ ಅವರ ಮಗ, "ಎಲ್ಲಾ ಅಳಿಸಿ ಹೊಸದರ ಥರ ಮಾಡಿ" ಅಂದು ಹೋದ.

ಬಣ್ಣ ಹೊಡೆಯುವ ಮುಂಚೆ ಹಳೇ ಬಣ್ಣವನ್ನು ತಗಡು ಕಾಣುವವರೆಗೂ ಕೆರೆಯಬೇಕು, ಅದು ಅಪ್ಪನ ಕಟ್ಟುನಿಟ್ಟು. ಬಾಗಿಲು ಕೆರೆಯುವ ಕೆಲಸ ನಮ್ಮಕ್ಕನಿಗೆ ಬಿತ್ತು.

ಪೂಜೆಯ ಬೆಳಿಗ್ಗೆ ಕಾರು ಹಸಿರಾಗಿ ಮಿರಮಿರ ಮಿಂಚುತ್ತಿತ್ತು. ಮೂತಿಗೆ ಚೆಂಡುಹೂವಿನ ಹಾರ, ಗಾಲಿಗಳ ಕೆಳಗೆ ನಿಂಬೆಹಣ್ಣು. ಬೂದುಗುಂಬಳಕಾಯಿ ಒಡೆಯಬೇಕು ಅನ್ನುವಷ್ಟರಲ್ಲಿ ಯಜಮಾನರು ಆಟೋದಿಂದ ಇಳಿದರು. ಬಾಗಿಲು ನೋಡಿದ್ದೇ ಊರುಗೋಲನ್ನು ಅದರತ್ತ ಚಾಚಿದರು.

"ನನ್ನ ಏಳು ಎಲ್ರೀ? ನಾನು ಗೆದ್ದ ನಂಬರ್ರೀ ಅದು! ಯಾರ್ರೀ ಅಳಿಸಿದ್ದು?"

"ನಿಮ್ಮ ಮಗನೇ ಹೇಳಿದ್ದು ಸಾರ್! ನನ್ ಮೇಲೆ ಯಾಕೆ ಕೂಗಾಡ್ತೀರ?" ಅಪ್ಪ ಕುಂಬಳಕಾಯಿ ಕೆಳಗಿಟ್ಟು ಇನ್ನೂ ಜೋರಾಗಿ ಕೂಗಿದ.

"ಅವನು ಇದನ್ನ ಮಾರೋಕೆ ಹೊರಟಿದಾನ್ರೀ!"

ಅಕ್ಕ ಮಧ್ಯೆ ನುಗ್ಗಿದಳು. "ಸಾಕು ಸುಮ್ನಿರಿ ಇಬ್ರೂ! ನಾನು ಆ ನಂಬರ್ ಕೆರೆದೇ ಇಲ್ಲ. ಮನಸ್ಸು ಬರ್ಲಿಲ್ಲ. ಅಪ್ಪಂಗೆ ಕಾಣ್ದಿರ್ಲಿ ಅಂತ ಮೊದಲ ಕೋಟು ನಾನೇ ಬಳಿದ್ಬಿಟ್ಟೆ."

"ಏನೇ? ಕೆರೀದೇ ನನ್ ಕೈಲಿ ಪೇಂಟ್ ಹೊಡೆಸಿದ್ಯಾ? ನಾಳೆ ಸಿಪ್ಪೆ ಥರ ಎದ್ದು ಬರುತ್ತಲ್ಲೇ, ಮಾನ ಹೋಗುತ್ತಲ್ಲೇ!" ಅಪ್ಪನ ಮುಖ ಕುಂಕುಮಕ್ಕಿಂತ ಕೆಂಪಾಯಿತು.

ಅಕ್ಕನಿಗೂ ಸಿಟ್ಟು. ಎಮರಿ ಪೇಪರನ್ನು ನೀರಿಗೆ ಅದ್ದಿ ಬಾಗಿಲನ್ನು ಉಜ್ಜತೊಡಗಿದಳು. ಹಸಿರು ನೀರು ನೆಲಕ್ಕೆ ಇಳಿಯಿತು. ಮೊದಲು ಬಿಳಿ ಕಂಡಿತು, ಆಮೇಲೆ ಪೂರ್ತಿ ಏಳು! ಒಂದು ಕಡೆ ಜಾಸ್ತಿ ಉಜ್ಜಿದ್ದಕ್ಕೆ ಅದರಡಿಯಿಂದ ಕೆಂಪು ಬಣ್ಣದ ಮೂರು ಅನ್ನೋ ನಂಬರೂ ಇಣುಕಿತು. ರೇಸು ಬದಲಾದಾಗ ಹಳೇ ನಂಬರಿನ ಮೇಲೇ ಹೊಸದನ್ನು ಬರೆಯುತ್ತಿದ್ದರಂತೆ.

ಯಜಮಾನರು ಆ ಮೂರನ್ನು ಸವರಿದರು. "ಇದು ನನ್ನ ಮೊದಲನೇ ರೇಸು. ಎಲ್ಲರಿಗಿಂತ ಕೊನೇಲಿ ಬಂದಿದ್ದೆ," ಅಂದರು. ಮರುಕ್ಷಣವೇ ಮತ್ತೆ ಗುಡುಗಿದರು: "ಎರಡೂ ಹೀಗೇ ಇರ್ಲಿ! ಮಗ ಬಂದ್ರೆ ಕೀ ಕೊಡ್ಬೇಡಿ!"

ಅಪ್ಪ ಕುಂಬಳಕಾಯಿ ಎತ್ತಿ ಕುಕ್ಕಿದ ನೋಡಿ, ಚೂರುಗಳು ರಸ್ತೆಯ ಆಚೆಗೆ ಹಾರಿದವು! ನೆನೆದರೆ ಈಗಲೂ ನನಗೆ ನಗು ತಡೆಯೋಕಾಗಲ್ಲ.

ನೀವೀಗ ಫೋನಿನಲ್ಲಿ ಕಾರ್ ರೇಸು ಆಡುತ್ತೀರಿ. ಗುದ್ದಿದರೂ ಮರುಕ್ಷಣ ಕಾರು ಹೊಸದು, ಸೋತಿದ್ದೂ ಒಂದು ಬೆರಳು ಒತ್ತಿದರೆ ಮಾಯ. ಮೊನ್ನೆ ಪುಟ್ಟ ತಾನು ಸೋತ ಆಟವನ್ನು ಅಳಿಸಲು ಹೋದಾಗ ನನಗೂ ಅಕ್ಕನ ಸಿಟ್ಟೇ ಬಂತು. "ಅಳಿಸ್ಬೇಡ ಕಣೋ," ಅಂದೆ, "ಗೆದ್ದಾಗ ಈ ಅಜ್ಜಿಗೆ ಸೋತಿದ್ದು, ಗೆದ್ದಿದ್ದು ಎರಡನ್ನೂ ತೋರಿಸ್ಬೇಕು."