ಬಾವಲಿಗಳಿಗೆ ಬಿಟ್ಟ ನೀರು

2024ರ ಬೇಸಿಗೆ. ನಾನಾಗ ಹುಬ್ಬಳ್ಳಿಯ ಸರಕಾರಿ ಪಶು ಆಸ್ಪತ್ರೆಯೊಂದರಲ್ಲಿ ವೈದ್ಯಾಧಿಕಾರಿ. ನಿವೃತ್ತಿಗೆ ಹತ್ತು ತಿಂಗಳು ಬಾಕಿ ಇತ್ತು. ಮೂವತ್ತು ವರ್ಷ ಎಮ್ಮೆ, ಆಕಳು, ಆಡುಗಳ ಬಾಯಿ ತೆರೆದು ನೋಡಿದವಳು ನಾನು. ಈ ತಾಲ್ಲೂಕಿನಲ್ಲಿ ನನಗೆ ತಿಳಿಯದ ಪ್ರಾಣಿ ಇಲ್ಲವೆಂಬ ಹಮ್ಮು ಒಳಗೊಳಗೇ ಇತ್ತು. ಅದು ಇಳಿದದ್ದು ಬೆಂಗೇರಿಯ ಒಂದು ಹಿತ್ತಿಲಿನಲ್ಲಿ, ಮಟಮಟ ಮಧ್ಯಾಹ್ನ.

ಒಂದು ಗಂಟೆಯ ಹೊತ್ತಿಗೆ ಗಂಗವ್ವನ ಫೋನ್ ಬಂತು. ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿ ಕೊಡುವ ಹೆಂಗಸು. ಆಕೆಯ ಎಮ್ಮೆಗೆ ನಾನೇ ಔಷಧಿ ಮಾಡಿದ್ದೆ.

“ಮೇಡಂ, ನಮ್ಮ ಹುಣಸಿ ಗಿಡದಾಗಿನ ಬಾವಲಿ ಪಟಪಟಾ ಉದುರಾಕತ್ತಾವ್ರಿ. ಲಗೂ ಬರ್ರಿ.”

ಬಾವಲಿ ವನ್ಯಜೀವಿ. ನಾವು ಮುಟ್ಟುವ ಮೊದಲು ಅರಣ್ಯ ಇಲಾಖೆಗೆ ತಿಳಿಸಬೇಕು. ದಾರಿಯಲ್ಲೇ ಫೋನ್ ಮಾಡಿದೆ. ಅವರ ಗಾಡಿ ಬೇರೆಲ್ಲೋ ಇತ್ತು, ನೀವು ಶುರು ಮಾಡಿ, ನಾವು ಬರುತ್ತೇವೆ ಎಂದರು.

ಮರದಲ್ಲಿ ಸುಮಾರು ಇನ್ನೂರು ಬಾವಲಿಗಳಿದ್ದವು. ಹಣ್ಣು ತಿನ್ನುವ ದೊಡ್ಡ ಜಾತಿ. ರೆಕ್ಕೆ ಬಿಚ್ಚಿದರೆ ಒಂದು ಮೀಟರಿಗೂ ಹೆಚ್ಚು. ಸೆಖೆಯಾದರೆ ಇವು ರೆಕ್ಕೆಯಿಂದ ಗಾಳಿ ಹಾಕಿಕೊಳ್ಳುತ್ತವೆ, ಮೈ ನೆಕ್ಕಿ ಒದ್ದೆ ಮಾಡಿಕೊಳ್ಳುತ್ತವೆ. ಅದೂ ಸಾಲದಾದಾಗ ನೆರಳು ಹುಡುಕುತ್ತ ಬೊಡ್ಡೆಯ ಕಡೆ ಇಳಿದು ಒಂದರ ಮೇಲೊಂದು ಮುತ್ತುತ್ತವೆ. ಅಂದು ಬೊಡ್ಡೆ ಕಾಣದಷ್ಟು ಮುತ್ತಿದ್ದವು. ಎಷ್ಟೋ ತಾಯಂದಿರ ಎದೆಗೆ ಮರಿ ಕಚ್ಚಿಕೊಂಡಿತ್ತು. ಕೆಳಗೆ ಆಗಲೇ ಹನ್ನೆರಡು ಸತ್ತು ಬಿದ್ದಿದ್ದವು.

ಬಿಸಿಲು ಹತ್ತಿದ ಎಮ್ಮೆಗೆ ಮೊದಲ ಚಿಕಿತ್ಸೆ ಮೈತುಂಬ ನೀರು. ನಾನೂ ಹಿಂದುಮುಂದು ನೋಡಲಿಲ್ಲ. ಗಂಗವ್ವನ ಮನೆಯ ನೆಲದಡಿಯ ನೀರಿನ ಸಂಪಿಗೆ ಹಾಕಿದ ಮೋಟಾರು ಚಾಲೂ ಮಾಡಿಸಿ, ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ನೀರನ್ನು ರಭಸವಾಗಿ ಟೊಂಗೆಗಳಿಗೆ ಬಿಟ್ಟೆ.

ಇಡೀ ಹಿಂಡು ಚೀರುತ್ತ ಎದ್ದು ಬಿಸಿಲಿಗೆ ಹಾರಿತು. ಮರದ ಸುತ್ತ ಐದಾರು ನಿಮಿಷ ಸುತ್ತಿ ಸುತ್ತಿ ಮತ್ತೆ ಬೊಡ್ಡೆಗೆ ಮರಳುವಷ್ಟರಲ್ಲಿ ಹನ್ನೊಂದು ಬಾವಲಿಗಳು ನೆಲಕ್ಕೆ ಬಿದ್ದವು. ಹತ್ತಿರ ಹೋಗಿ ನೋಡಿದೆ. ಒಂದೂ ಉಸಿರಾಡುತ್ತಿರಲಿಲ್ಲ. ಸಂಪಿನ ನೀರೂ ಅರ್ಧಕ್ಕೆ ಇಳಿದಿತ್ತು.

“ನಳದ ನೀರ ಬಂದು ಐದ ದಿವಸ ಆತ್ರಿ ಮೇಡಂ,” ಎಂದಳು ಗಂಗವ್ವ. “ಇನ್ನ ಎರಡ ದಿವಸ ಬರೂದಿಲ್ಲ.”

ಆಕೆ ಬೈದಿದ್ದರೆ ಹಗುರಾಗುತ್ತಿತ್ತು. ಮೋಟಾರು ಬಂದ್ ಮಾಡಿ, ಬಾವಲಿಗಳ ಬಗ್ಗೆ ಅಧ್ಯಯನ ಮಾಡಿದ್ದ ಧಾರವಾಡದ ಪರಿಚಿತ ಪ್ರಾಧ್ಯಾಪಕಿಗೆ ಫೋನ್ ಮಾಡಿದೆ. ಒಂದು ಗಂಟೆ ಮೊದಲೇ ಮಾಡಬೇಕಾಗಿದ್ದ ಫೋನ್ ಅದು.

“ಮೊದಲ ಎಲ್ಲಾರೂ ಗಿಡದಿಂದ ದೂರ ಸರೀರಿ,” ಎಂದರು. “ಹಾರಿದಷ್ಟೂ ಅವುಗಳ ಮೈ ಕಾಯ್ತದ. ಸಣ್ಣ ಹನಿ ಮ್ಯಾಲಿಂದ ಮಂಜಿನಂಗ ಬೀಳಬೇಕು. ಕೆಳಗ ಬಿದ್ದದ್ದನ್ನಷ್ಟ ಹಿಡೀರಿ, ಬರಿಗೈಲೆ ಬ್ಯಾಡ.”

ಮಂಜಿನಂಥ ಹನಿ ಎಲ್ಲಿಂದ ತರುವುದು? ಗಂಗವ್ವನ ತಮ್ಮ ಈರಣ್ಣ ಶಿರಗುಪ್ಪಿಯಿಂದ ಪೇಟೆಗೆ ಬಂದವನು ಅಲ್ಲೇ ಊಟಕ್ಕೆ ಕುಳಿತಿದ್ದ. ಹತ್ತಿಗೆ ಔಷಧಿ ಹೊಡೆಯಲು ಕೊಂಡಿದ್ದ ಹೊಸ ಕೈಪಂಪು ಅವನ ಬೈಕಿನ ಮೇಲೆ ಡಬ್ಬಿಯಲ್ಲೇ ಇತ್ತು. ಕೇಳಿದೆ. ಅವನು ತಲೆ ಕೆರೆದುಕೊಂಡ.

“ಪೂಜಿ ಆಗಿಲ್ರಿ. ಮಿರಗದ ಮಳಿ ಆದ ಮ್ಯಾಲ ಪೂಜಿ ಮಾಡಿನ ತಗಿಯೂದು. ಬೇಕಂದ್ರ ಊರಿಗೆ ಹೋಗಿ ಹಳೇ ಪಂಪ ತರ್ತೇನಿ.”

ಹಳೆಯದು ಬೇಡವೇ ಬೇಡ ಎಂದೆ. ಎಷ್ಟು ತೊಳೆದರೂ ಅದರಲ್ಲಿ ಕೀಟನಾಶಕದ ಅಂಶ ಉಳಿದಿರುತ್ತದೆ. ಮೈ ನೆಕ್ಕುವ ಪ್ರಾಣಿಗೆ ಅದು ವಿಷ. ನಮ್ಮ ಮಾತು ಮುಗಿಯುವ ಮೊದಲೇ ಗಂಗವ್ವ ಒಳಗಿಂದ ವಿಭೂತಿ, ಕುಂಕುಮ ತಂದು ಪಂಪಿಗೆ ಹಚ್ಚಿ, ಊದಿನಕಡ್ಡಿ ಬೆಳಗಿದಳು.

“ಪೂಜಿ ಆತು. ತುಂಬೋ ತಮ್ಮಾ.”

ಮರಕ್ಕೆ ತಾಗಿದಂತೆ ಮನೆಯ ಮಾಳಿಗೆ ಇತ್ತು. ಈರಣ್ಣ ಅದರ ಒಂದು ಮೂಲೆಯಲ್ಲಿ ಅಲುಗಾಡದೆ ಕುಳಿತು ಸಣ್ಣಗೆ ಹನಿ ಬಿಟ್ಟ. ಹತ್ತು ನಿಮಿಷ ಸಿಂಪಡಿಸುವುದು, ಇಪ್ಪತ್ತು ನಿಮಿಷ ಸುಮ್ಮನಿರುವುದು. ಮೂರನೆಯ ಸಲಕ್ಕೆ ಬೊಡ್ಡೆಗೆ ಮುತ್ತಿದ್ದ ಗುಂಪು ಸಡಿಲಾಗತೊಡಗಿತು. ಆಮೇಲೆ ಕೆಳಗೆ ಬಿದ್ದು ಇನ್ನೂ ಉಸಿರಾಡುತ್ತಿದ್ದ ಹತ್ತೊಂಬತ್ತನ್ನು ನಾನೊಬ್ಬಳೇ ದಪ್ಪ ಕೈಗವಸು ಹಾಕಿಕೊಂಡು, ಟವೆಲ್ಲಿನಲ್ಲಿ ಹಿಡಿದು, ಕೊಟ್ಟಿಗೆಯ ನೆರಳಲ್ಲಿ ಹಗ್ಗಕ್ಕೆ ತಲೆಕೆಳಗಾಗಿ ನೇತು ಬಿಟ್ಟೆ. ಬಾವಲಿಯನ್ನು ಮಲಗಿಸಿದರೆ ಅದಕ್ಕೆ ನೆಮ್ಮದಿಯಿಲ್ಲ. ಸತ್ತವುಗಳ ರೆಕ್ಕೆ ಒಂದೊಂದಾಗಿ ಎತ್ತಿ ನೋಡಿದಾಗ ನಾಲ್ಕು ಮರಿ ಜೀವಂತ ಸಿಕ್ಕವು.

ಐದು ಗಂಟೆಗೆ ಸಂಪು ಬರಿದಾಯಿತು. ಬಿಸಿಲು ಇನ್ನೂ ಇಳಿದಿರಲಿಲ್ಲ. ಗಂಗವ್ವ ಒಳಗಿನಿಂದ ಎರಡು ಕೊಡ ತಂದಿಟ್ಟಳು. ಮರುದಿನ ಹಿಟ್ಟು ನಾದಲು ಇಟ್ಟುಕೊಂಡ ನೀರು. ನಾನು ಬೇಡವೆಂದೆ.

“ಹದಿನೆಂಟ ವರ್ಷದಿಂದ ಇವುಗಳ ಹಿಕ್ಕಿ ಬಳದೇನ್ರಿ,” ಎಂದಳು. “ಇವತ್ತ ಸಾಯಾಕ ಬಿಟ್ರ ಬಳದದ್ದೆಲ್ಲಾ ದಂಡ ಆಗ್ತೈತಿ. ಹೊಡಿಯೋ ಈರಣ್ಣಾ.”

ಅಷ್ಟರಲ್ಲಿ ಅರಣ್ಯ ಇಲಾಖೆಯವರು ಬಂದು ಮರಿಗಳನ್ನು ಆರೈಕೆಗೆ ಒಯ್ದರು. ಕೊಟ್ಟಿಗೆಯಲ್ಲಿದ್ದವುಗಳಲ್ಲಿ ಮೂರು ಉಳಿಯಲಿಲ್ಲ, ಹದಿನಾರು ಚೇತರಿಸಿಕೊಂಡವು. ಹೊತ್ತು ಮುಳುಗಿದ ಮೇಲೆ ಮರದ ಹಿಂಡು ಒಂದೊಂದಾಗಿ ಎದ್ದು ಮೇವಿಗೆ ಹೊರಟಿತು. ನನಗೆ ಕಣ್ಣೀರು ತಡೆಯಲಾಗಲಿಲ್ಲ. ಗಂಗವ್ವ ಮಾತ್ರ ಸೆರಗಿನಿಂದ ಬೆವರು ಒರೆಸಿಕೊಂಡು, ನಾಳೆ ರೊಟ್ಟಿ ಇಲ್ಲವೆಂದು ಖಾನಾವಳಿಗಳಿಗೆ ಫೋನ್ ಮಾಡಲು ಒಳಗೆ ಹೋದಳು.

ಮರುದಿನ ವರದಿ ಬರೆಯಬೇಕಿತ್ತು. ಸತ್ತವು ಇಪ್ಪತ್ತಾರು, ಕಾರಣದ ಕಾಲಮ್ಮು ಖಾಲಿ. ನನ್ನ ಸಹೋದ್ಯೋಗಿ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: “ಬಿಸಿಲು ಅಂತ ಬರದ ಬಿಡ್ರಿ ಮೇಡಂ. ಯಾರ ಕೇಳ್ತಾರ? ರಿಟೈರ್ ಆಗೂ ಹೊತ್ತಿನ್ಯಾಗ ಯಾಕ ಬೇಕು?”

ಹಾಗೇ ಬರೆದುಬಿಡುವ ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೊನೆಗೆ ಬರೆದೆ: ಹದಿನೈದು ಬಿಸಿಲಿನಿಂದ. ಹನ್ನೊಂದು, ವೈದ್ಯಾಧಿಕಾರಿ ಪೈಪಿನಿಂದ ರಭಸವಾಗಿ ನೀರು ಬಿಟ್ಟಿದ್ದರಿಂದ ಬೆದರಿ ಹಾರಿ. ಆಮೇಲೆ ಏನು ಮಾಡಿದೆವು ಎಂಬುದನ್ನೂ ಬರೆದೆ. ವಿವರಣೆ ಕೇಳಿ ಮೇಲಿನಿಂದ ಪತ್ರ ಬಂತು, ಉತ್ತರಿಸಿದೆ.

ನಿವೃತ್ತಳಾದ ಮೇಲಿನ ಮೊದಲ ಬೇಸಿಗೆಯಲ್ಲಿ ಬೇರೆ ತಾಲ್ಲೂಕಿನ ಹೊಸ ವೈದ್ಯೆಯೊಬ್ಬಳು ಫೋನ್ ಮಾಡಿದಳು.

“ಮೇಡಂ, ಇಲ್ಲೂ ಬಾವಲಿ ಬೀಳಾಕತ್ತಾವ್ರಿ. ಪೈಪ್ ಕೈಯಾಗ ತಗೊಂಡಿದ್ದೆ, ಎಲ್ಲಾ ಆಸ್ಪತ್ರಿಗೂ ಕಳಿಸಿದ್ದ ನಿಮ್ಮ ವರದಿ ನೆನಪಾತು. ಕೆಳಗ ಇಟ್ಟೇನಿ. ಮುಂದ ಹೆಂಗ ಮಾಡ್ಲಿ?”

ಹೇಳಿದೆ. ನೌಕರಿ ನನಗೆ ಕಲಿಸಿದ ಪಾಠ ಇಷ್ಟೇ: ವೈದ್ಯರ ತಪ್ಪನ್ನು ಮುಚ್ಚಿಟ್ಟರೆ ಅದು ಮತ್ತೊಬ್ಬ ವೈದ್ಯರ ಕೈಯಲ್ಲಿ ಮತ್ತೆ ಆಗುತ್ತದೆ. ಆ ಹನ್ನೊಂದನ್ನು ನಾನು ಬಿಸಿಲಿನ ತಲೆಗೆ ಕಟ್ಟಿದ್ದರೆ, ಅವಳು ಆ ದಿನ ಮೋಟಾರು ಚಾಲೂ ಮಾಡಿರುತ್ತಿದ್ದಳು.