ಹಕ್ಕಿ ಓಡಿಸುತ್ತಿದ್ದವರ ಕೈಗಳು

ಎಪ್ಪತ್ತರ ದಶಕದ ಕೊನೆಯಲ್ಲಿ ತ್ಯಾಗರಾಜನಗರದ ನಮ್ಮ ಪಕ್ಕದ ಮನೆಯಲ್ಲಿದ್ದವರಿಗೆ ವಿಮಾನ ನಿಲ್ದಾಣದಲ್ಲಿ ಹಕ್ಕಿ ಓಡಿಸುವ ಕೆಲಸ. ವಿಮಾನ ಏಳುವ ಮುಂಚೆ ರನ್‌ವೇ ಉದ್ದಕ್ಕೂ ಪಟಾಕಿ ಹೊಡೆದು, ಚಪ್ಪಾಳೆ ತಟ್ಟಿ ಹದ್ದುಗಳನ್ನು ಎಬ್ಬಿಸುತ್ತಿದ್ದರು. ಸಂಜೆ ತಾರಸಿಗೆ ಬಂದರೂ ಅವರ ಕಣ್ಣು ಆಕಾಶದಲ್ಲೇ ತೇಲುತ್ತಿತ್ತು.

"ಅಷ್ಟು ದೊಡ್ಡ ವಿಮಾನಕ್ಕೆ ಒಂದು ಹದ್ದು ಏನ್ಮಾಡತ್ತೆ ಅಂಕಲ್?" ಎಂದು ಒಮ್ಮೆ ಕೇಳಿದ್ದೆ.

"ಇಂಜಿನ್ನು ಗಾಳಿ ಜೊತೆ ಹದ್ದನ್ನೂ ಒಳಗೆ ಎಳ್ಕೊಳ್ಳತ್ತೆ ಕಣಮ್ಮ. ಫ್ಯಾನ್ ರೆಕ್ಕೆ ಮುರಿದೋಗತ್ತೆ. ಒಂದು ಇಂಜಿನ್ ಉಳಿದ್ರೆ ಹೇಗೋ ಇಳಿಸಬಹುದು. ವಿಮಾನ ಆಗಷ್ಟೇ ಎದ್ದಾಗ ಹಿಂಡೇ ನುಗ್ಗಿ ಎಲ್ಲಾ ಇಂಜಿನ್ನೂ ನಿಂತ್ರೆ, ಇಳಿಯೋಕೆ ಜಾಗಾನೂ ಇಲ್ಲ, ಹೊತ್ತೂ ಇಲ್ಲ." ಕೊನೆಗೆ ಯಾವಾಗಲೂ ಒಂದೇ ಮಾತು: "ಹಕ್ಕಿದೇನೂ ತಪ್ಪಿಲ್ಲ, ಪಾಪ."

ಅವರ ತಂದೆಯ ತಿಥಿಯ ದಿನ ಬಾಳೆಲೆಯಲ್ಲಿ ಪಿಂಡವಿಟ್ಟು ತಾರಸಿಯಲ್ಲಿ ಕಾಯುತ್ತಿದ್ದರು. ಕಾಗೆ ಮುಟ್ಟದೆ ಮನೆಯಲ್ಲಿ ಯಾರೂ ಊಟಕ್ಕೆ ಕೂರುವಂತಿರಲಿಲ್ಲ. ಕಾ ಕಾ ಎಂದು ಕರೆದೂ ಕರೆದೂ ಗಂಟಲು ಒಣಗಿತು. ಬಿಸಿಲಿನಲ್ಲಿ ತೆಂಗಿನ ಗರಿಗಳು ಕೂಡ ನಿದ್ದೆ ಹೋದಂತಿದ್ದವು. ಕೊನೆಗೊಂದು ಕಾಗೆ ಕನಸಿನಲ್ಲೆಂಬಂತೆ ನಿಧಾನವಾಗಿ ಇಳಿಯಿತು. ಅದು ಎಲೆ ಮುಟ್ಟುವ ಮೊದಲೇ ಅವರ ಎರಡೂ ಕೈ ತಾವಾಗಿಯೇ ಮೇಲೆದ್ದು ಫಟಾರನೆ ಚಪ್ಪಾಳೆ ತಟ್ಟಿದವು. ಕಾಗೆ ಹಾರಿಹೋಯಿತು.

ತಮ್ಮ ಅಂಗೈಗಳನ್ನು ಬೇರೆ ಯಾರವೋ ಎಂಬಂತೆ ನೋಡಿಕೊಂಡರು. "ತಪ್ಪಾಯ್ತಪ್ಪ," ಎಂದರು, ತಂದೆಗೆ. ಆಮೇಲೆ ನೀರಿನ ಟ್ಯಾಂಕಿನ ಹಿಂದೆ ಹೋಗಿ, ಕೈಗಳನ್ನು ಕಂಕುಳಲ್ಲಿ ಬಿಗಿಯಾಗಿ ಅದುಮಿಕೊಂಡು ಕುಕ್ಕರಗಾಲಿನಲ್ಲಿ ಕುಳಿತರು.

"ಬಂತೇನಮ್ಮ?" ಎಂದು ಅಲ್ಲಿಂದಲೇ ಪಿಸುಗುಟ್ಟಿದರು.

ನಮ್ಮ ತಾರಸಿಯಿಂದ ನಾನೂ ಪಿಸುಗುಟ್ಟಿದೆ: "ತಿಂತಾ ಇದೆ ಅಂಕಲ್."

ಕಾಗೆ ತಿಂದು ಹಾರಿ ಎಷ್ಟೋ ಹೊತ್ತಾದರೂ ಅವರು ಆ ಕೈಗಳನ್ನು ಹೊರಗೆ ತೆಗೆಯಲಿಲ್ಲ.