ನಾಲ್ಕು ನಿಮಿಷಕ್ಕೆ ಎರಡು ಫಾರಂ

ಬೆಳಗಿನ ಆರು ಗಂಟೆ. ಹೆರಿಗೆ ವಾರ್ಡಿನ ಮೂಲೆಯ ಕೋಣೆಯಲ್ಲಿ ದಾಖಲೆಯ ಗುಮಾಸ್ತೆ ಆಗಲೇ ಕನ್ನಡಕ ಒರೆಸಿಕೊಂಡು ಕೂತಿದ್ದಾರೆ. ಕಚೇರಿಯ ವೇಳೆ ಹತ್ತರಿಂದ. ಆದರೆ ರಾತ್ರಿ ಪಾಳಿಯ ನರ್ಸ್‌ಗಳು ಏಳಕ್ಕೆ ಮನೆಗೆ ಹೊರಡುತ್ತಾರೆ. "ಕಣ್ಣಾರೆ ಕಂಡವರು ಹೋದ್ಮೇಲೆ ಯಾರನ್ನ ಕೇಳೋದು?" ಎನ್ನುತ್ತಾರೆ.

ಮೇಜಿನ ಮೇಲೆ ಮೂರು ಪುಸ್ತಕಗಳು: ಜನನ, ಮರಣ, ನಿರ್ಜೀವ ಜನನ. ದಿನಕ್ಕೆ ಸರಾಸರಿ ಹದಿನಾಲ್ಕು ಹೆರಿಗೆ. ತಿಂಗಳಿಗೆ ಏಳೆಂಟು ಮಕ್ಕಳು ಮೂರನೆಯ ಪುಸ್ತಕಕ್ಕೆ ಹೋಗುತ್ತವೆ. ಇಂದು ಅಂಥದೊಂದು ಫಾರಂ ಬಂದಿದೆ: ಹೆಣ್ಣು, 2,100 ಗ್ರಾಂ, ನಸುಕಿನ 4.10, ನಿರ್ಜೀವ. ಅದನ್ನು ಹಿಡಿದು ಅವರು ವಾರ್ಡಿಗೆ ಹೋಗುತ್ತಾರೆ.

"ಬಂದ್ರಪ್ಪಾ, ಎರಡು ಫಾರಂ ಅಕ್ಕ!" ಎಂದು ನರ್ಸ್ ನಗುತ್ತಾಳೆ. "ಕಾಲು ಸೋತುಹೋಗಿದೆ ಅಕ್ಕಾ, ಇವತ್ತೊಂದಿನ ಬಿಟ್ಬಿಡಿ."

"ಬಿಡ್ತೀನಮ್ಮ. ಮಗು ಅತ್ತಿತ್ತಾ?"

"ಇಲ್ಲ."

"ಹೊಕ್ಕುಳಬಳ್ಳಿ ಮಿಡೀತಿತ್ತಾ?"

ನರ್ಸ್ ಚೀಲದ ಜಿಪ್ ಎಳೆಯುವುದನ್ನು ನಿಲ್ಲಿಸುತ್ತಾಳೆ. "ಸ್ವಲ್ಪ ಹೊತ್ತು. ಒಂದು ನಾಲ್ಕು ನಿಮಿಷ. ಆಮೇಲೆ ನಿಂತುಹೋಯ್ತು."

"ಹಾಗಾದ್ರೆ ಅವಳು ಹುಟ್ಟಿದಾಳೆ."

ನಿಯಮವೂ ಅದನ್ನೇ ಹೇಳುತ್ತದೆ. ಉಸಿರು, ಎದೆಬಡಿತ, ಬಳ್ಳಿಯ ಮಿಡಿತ, ಕೈಯ ಒಂದು ಅಲುಗಾಟ, ಯಾವುದಿದ್ದರೂ ಅದು ಜೀವಂತ ಜನನ. ಆಗ ಜನನಕ್ಕೊಂದು, ಮರಣಕ್ಕೊಂದು, ಎರಡು ಫಾರಂ ತುಂಬಬೇಕು. ನಿರ್ಜೀವ ಎಂದು ಬರೆದರೆ ಒಂದೇ ಸಾಕು; ದಣಿದ ಕೈಗೆ ಅದೇ ಹಗುರ. ಕಳೆದ ವರ್ಷ ಹನ್ನೊಂದು ಮಕ್ಕಳ ವಿಷಯದಲ್ಲಿ ಹೀಗಾಗುವುದನ್ನು ಇವರು ತಡೆದಿದ್ದಾರೆ. ನರ್ಸ್ ಚೀಲ ಕೆಳಗಿಟ್ಟು ಎರಡಕ್ಕೂ ಸಹಿ ಹಾಕುತ್ತಾಳೆ.

ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಬಾಣಂತಿಯ ಪಕ್ಕ ಗುಮಾಸ್ತೆ ಕೂರುತ್ತಾರೆ. "ಮಗಳಿಗೆ ಹೆಸರೇನಾದ್ರೂ ಅಂದ್ಕೊಂಡಿದ್ಯಾ ತಾಯಿ? ಈ ಪುಸ್ತಕದಲ್ಲಿ ಬರೆಯೋಕೆ ಜಾಗ ಇದೆ."

ಅವಳು ಈ ಕಡೆ ತಿರುಗಿ ಒಂದು ಹೆಸರು ಹೇಳುತ್ತಾಳೆ.

ಕೋಣೆಯ ಕಬ್ಬಿಣದ ಬೀರುವಿನಲ್ಲಿ ಮೂವತ್ತೊಂದು ವರ್ಷ ಹಳೆಯ ಪುಸ್ತಕವೊಂದಿದೆ. ಅದರ 212ನೇ ಸಾಲು: ಗಂಡು, ನಿರ್ಜೀವ. ತಾಯಿಯ ಹೆಸರಿನ ಕಡೆ ಇರುವುದು ಈ ಗುಮಾಸ್ತೆಯದೇ ಹೆಸರು.

"ಅವನು ಅತ್ತಿದ್ದು ನಾನು ಕೇಳಿದೀನಿ. ಒಂದೇ ಸಲ, ಬೆಕ್ಕಿನ ಮರಿ ಥರ. ನೋವಲ್ಲಿ ಏನೋ ಕೇಳಿಸಿರತ್ತೆ ಅಂದ್ರು ನಮ್ಮ ಮನೆಯವರು."

ತಿದ್ದುಪಡಿಗೆ ಹೆರಿಗೆ ಮಾಡಿಸಿದವರ ಸಹಿ ಬೇಕು. ಆ ಡಾಕ್ಟರೂ ಇಲ್ಲ, ಸೂಲಗಿತ್ತಿಯೂ ಇಲ್ಲ. ಬೀರುವಿನ ಕೀಲಿ ಮಾತ್ರ ಇವರ ಸೊಂಟದಲ್ಲೇ ಇದೆ. ನೀವೇ ತಿದ್ದಿಬಿಡಿ, ಯಾರು ಕೇಳ್ತಾರೆ ಎಂದು ಸಹೋದ್ಯೋಗಿಗಳು ಎಷ್ಟೋ ಸಲ ಹೇಳಿದ್ದಾರೆ.

"ನಾನು ಕೇಳ್ತೀನಲ್ಲ. ಕಂಡವರ ಸಹಿ ಇಲ್ದೆ ನನ್ನ ಮಗಂದು ತಿದ್ದಿದ್ರೆ, ಈ ಮಕ್ಕಳದನ್ನ ಯಾರು ನಂಬ್ತಾರೆ?"

ನಿವೃತ್ತಿಗೆ ಇನ್ನು ನಾಲ್ಕು ತಿಂಗಳು. ಏನಾದರೂ ಆಸೆ ಉಂಟೇ ಎಂದರೆ ಅವರು ಗೋಡೆಯ ಗಡಿಯಾರ ನೋಡುತ್ತಾರೆ.

"ನನ್ನ ಜಾಗಕ್ಕೆ ಬರೋರು ಏಳಕ್ಕೆ ಮುಂಚೆ ಬರ್ಲಿ. ಅಷ್ಟು ಸಾಕು."